ಚಿಕ್ಕ ಯಂತ್ರದ ಒಡೆತನ

ನಮ್ಮೂರಿನಲ್ಲಿ ಯಾರಾದರೂ ಹಳೆಯ ಲ್ಯಾಪ್‌ಟಾಪ್ ಕೊಂಡು ತಂದರೆ ನೋಡಿದವರು ಮೊದಲು ಕೇಳುವ ಪ್ರಶ್ನೆ, “ವಿಂಡೋಸ್ ಹಾಕಿಸಿದಿರಾ?” ಎಂಬುದು. ಹೊಸ ಮನೆ ಕಟ್ಟಿಸಿದವರನ್ನು “ಕರೆಂಟು ಬಂತಾ?” ಎಂದು ಕೇಳುವಷ್ಟೇ ಸಹಜವಾಗಿ ಈ ಪ್ರಶ್ನೆ ಬರುತ್ತದೆ. ವನಸ್ಪತಿಗೆಲ್ಲ ಡಾಲ್ಡಾ ಎಂದೂ, ನೆರಳಚ್ಚಿಗೆಲ್ಲ ಜೆರಾಕ್ಸ್ ಎಂದೂ ಕರೆದು ರೂಢಿಯಾದ ನಮಗೆ ಇದೂ ಹಾಗೆಯೇ ಎನಿಸಬಹುದು. ಆದರೆ ಒಂದು ವ್ಯತ್ಯಾಸವಿದೆ. ಡಾಲ್ಡಾ ಕೊಡಿ ಎಂದವನಿಗೆ ಅಂಗಡಿಯವನು ಬೇರೆ ಕಂಪನಿಯ ಡಬ್ಬಿ ಕೊಟ್ಟರೂ ಅಡುಗೆ ನಡೆಯುತ್ತದೆ, ಅದು ಇಬ್ಬರಿಗೂ ಗೊತ್ತು. ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ಆ ಹೆಸರಿನಾಚೆ ಇನ್ನೊಂದು ಡಬ್ಬಿ ಇದೆ ಎಂಬುದೇ ನಮ್ಮ ಬಹುಪಾಲು ಜನರ ಅರಿವಿಗೆ ಬಂದಿಲ್ಲ. ಇದರಿಂದ ದುಡ್ಡು ಹೋಗುತ್ತಿದೆ, ಮಕ್ಕಳ ಓದು ಹಿಂದೆ ಬೀಳುತ್ತಿದೆ. ನನ್ನಂತೆ ಎರಡು ಲಿಪಿಗಳಲ್ಲಿ ಬದುಕುವವರಿಗೆ ಭಾಷೆಯ ನಷ್ಟವೂ ಆಗುತ್ತಿದೆ.

ವಿಷಯಕ್ಕೆ ಹೋಗುವ ಮುನ್ನ ಒಂದು ಮಾತು ಬಿಡಿಸಿ ಹೇಳಬೇಕು. ಕಂಪ್ಯೂಟರಿನ ಚಿಪ್ಪು, ಮೆಮೊರಿ, ಪರದೆ, ಕೀಲಿಮಣೆಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ, ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ. ನಮ್ಮ ಮದುವೆ ಮನೆಗಳಲ್ಲಿ ಊಟದ ಉಸ್ತುವಾರಿ ಹೊತ್ತವನೊಬ್ಬ ಇರುತ್ತಾನಲ್ಲ, ಹಾಗೆ. ಬಾವರ್ಚಿಗೆ ಸೌದೆ ಎಷ್ಟು, ಯಾವ ದಸ್ತರ್‌ಖಾನಿಗೆ ಎಷ್ಟು ಜನ, ನೀರು ಕೊಡುವ ಹುಡುಗರು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. ಬಿರಿಯಾನಿ ಬೇಯಿಸುವವನು ಅವನಲ್ಲ, ಉಣ್ಣುವವನೂ ಅಲ್ಲ. ಆದರೆ ಅವನಿಲ್ಲದೆ ಊಟ ನಡೆಯದು. ಸಾವಿರ ಜನರ ಶಾದಿ ಮಹಲಿಗೆ ಒಗ್ಗಿದ ಅಂಥ ಒಬ್ಬನನ್ನು ಎರಡು ಕೋಣೆಯ ಮನೆಯ ಅಖೀಖಾಕ್ಕೆ ಕರೆಸಿದರೆ ಏನಾದೀತು? ಇಪ್ಪತ್ತು ಆಳು ಬೇಕೆನ್ನುತ್ತಾನೆ. ಆಳುಗಳು ನಿಲ್ಲುವುದಕ್ಕೇ ಮನೆ ಸಾಲದೆ ಅತಿಥಿಗಳು ಬೀದಿಯಲ್ಲಿ ಉಳಿಯುತ್ತಾರೆ. ಕಡಿಮೆ ಬೆಲೆಯ ಚಿಕ್ಕ ಲ್ಯಾಪ್‌ಟಾಪುಗಳ ಕಥೆಯೂ ಇದೇ. 2 ಜಿಬಿ ಮೆಮೊರಿಯ ಯಂತ್ರದಲ್ಲಿ ಹೆಚ್ಚಿನ ಪಾಲನ್ನು ವ್ಯವಸ್ಥೆಯೇ ಹಿಡಿದು ಕೂತರೆ ಒಂದು ಪತ್ರ ಬರೆಯುವ ತಂತ್ರಾಂಶಕ್ಕೂ ಹೊಸ್ತಿಲಲ್ಲೇ ಜಾಗ.

ನನ್ನ ಮಾಮು ಒಬ್ಬರದು ಗುಜರಿ ಅಂಗಡಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ರಟ್ಟು, ಬಾಟಲಿ ಎಲ್ಲಕ್ಕೂ ಅಲ್ಲಿ ಬೇರೆ ಬೇರೆ ಗುಡ್ಡೆ, ಬೇರೆ ಬೇರೆ ದರ. ತಳ ಸವೆದ ಪಾತ್ರೆ, ಮುರಿದ ಸೈಕಲ್ಲು, ಸುಟ್ಟ ಮಿಕ್ಸಿ, ಹೀಗೆ ಆಯುಸ್ಸು ಮುಗಿದ ವಸ್ತುಗಳು ಬರುವ ಜಾಗ ಅದು. ಕೆಲವು ವರ್ಷಗಳಿಂದ ಆ ಗುಡ್ಡೆಗಳ ಪಕ್ಕದಲ್ಲಿ ಚಿಕ್ಕ ಲ್ಯಾಪ್‌ಟಾಪುಗಳೂ ಕಾಣಿಸಿಕೊಳ್ಳುತ್ತಿವೆ. ಅವುಗಳಲ್ಲಿ ಹಲವಕ್ಕೆ ಚಾರ್ಜರ್ ಸಿಕ್ಕಿಸಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಪರದೆ ಬೆಳಗುತ್ತದೆ. “ಇದು ಕೆಟ್ಟಿಲ್ಲ, ಸುಸ್ತಾಗಿದೆ ಅಷ್ಟೇ” ಎಂದು ಮಾಮು ನಗುತ್ತಾರೆ. ತೂತಾದ ಪಾತ್ರೆ ಗುಜರಿಗೆ ಹೋಗುವುದು ನ್ಯಾಯ. ಏನೂ ಮುರಿಯದ ಯಂತ್ರವೊಂದು ಕಿಲೋ ಲೆಕ್ಕದಲ್ಲಿ ಮಾರಾಟವಾಗುವುದಾದರೆ ಅದಕ್ಕೆ ಮರಣಪತ್ರ ಬರೆದವರು ಯಾರು ಎಂದು ಕೇಳಬೇಕಾಗುತ್ತದೆ.

ಅಂಥ ಮರಣಪತ್ರಗಳ ಒಂದು ದೊಡ್ಡ ಕಂತು 2025ರ ಅಕ್ಟೋಬರ್ 14ರಂದು ಹೊರಬಿತ್ತು. ಅಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನೋಂದಾಯಿಸಿಕೊಂಡವರಿಗೆ ಭದ್ರತಾ ಪರಿಷ್ಕರಣೆಗಳನ್ನು ಇನ್ನೊಂದು ವರ್ಷ ಕೊಡುವ ದಾರಿಯನ್ನೇನೋ ಇಟ್ಟಿತು, ಆದರೆ ಅದು ಗಡುವನ್ನು ಮುಂದೂಡುವುದಷ್ಟೇ. 2021ರಲ್ಲಿ ಬಂದ ವಿಂಡೋಸ್ 11 ಕೇಳುವುದು 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಜೊತೆಗೆ ಕಂಪನಿಯ ಪಟ್ಟಿಯಲ್ಲಿ ಹೆಸರಿರುವ ಪ್ರೊಸೆಸರ್. ಬಡವರ ಕೈಗೆ ಎಟುಕುವ ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ 2 ಜಿಬಿ ಮೆಮೊರಿ, 32 ಜಿಬಿ ಸಂಗ್ರಹದವು. ಅವು ಈ ಪರೀಕ್ಷೆಯ ಮೊದಲ ಪ್ರಶ್ನೆಯಲ್ಲೇ ನಪಾಸು. ಭದ್ರತೆಯ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಪರಿಷ್ಕರಣೆ ನಿಂತ ವ್ಯವಸ್ಥೆಯನ್ನು ಇಂಟರ್‌ನೆಟ್ಟಿಗೆ ಜೋಡಿಸುವುದು ಬೀಗ ಕೆಟ್ಟ ಬಾಗಿಲನ್ನು ರಾತ್ರಿ ಹಾಗೇ ಬಿಟ್ಟು ಮಲಗಿದಂತೆ. ಆದರೆ ಬೀಗ ಕೆಟ್ಟರೆ ಬೀಗ ಬದಲಿಸಬೇಕು, ಮನೆ ಕೆಡವಬೇಕಾಗಿಲ್ಲ.

ಹರಿಯುವ ಹೊಳೆಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಪ್ರವಾದಿಯವರ (ಸ) ಪಾಠವನ್ನು ನಾವೆಲ್ಲ ಮಕ್ತಬದ ಚಾಪೆಯ ಮೇಲೆ ಕಲಿತವರು. ಇಸ್ರಾಫ್ ಎಂಬ ಪದವನ್ನೂ ಅಲ್ಲೇ ಕಲಿತೆವು. ಮದುವೆಯ ಊಟದಲ್ಲಿ ಎಲೆಯಲ್ಲಿ ಬಿಟ್ಟ ಅನ್ನಕ್ಕೆ ಅದನ್ನು ಅನ್ವಯಿಸುತ್ತೇವೆ, ನಡೆಯುವ ಯಂತ್ರವನ್ನು ಎಸೆಯುವುದಕ್ಕೆ ಅನ್ವಯಿಸುವುದಿಲ್ಲ. ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗುಜರಿ ಕಸುಬಿನ ಮನೆಗಳವರು ಬಲ್ಲರು. ತಾಮ್ರಕ್ಕಾಗಿ ತಂತಿ ಸುಡುವ ಹೊಗೆ, ಸರ್ಕ್ಯೂಟ್ ಹಲಗೆಗಳಲ್ಲಿರುವ ಸೀಸ, ಇವು ಸೇರುವುದು ಆ ಕೆಲಸ ಮಾಡುವ ನಮ್ಮ ಹುಡುಗರ ಎದೆಗೂಡನ್ನೇ. ಇ-ತ್ಯಾಜ್ಯದ ಬಗ್ಗೆ ನಿಯಮಗಳಿವೆ, 2022ರಲ್ಲಿ ಅವುಗಳನ್ನು ಹೊಸದಾಗಿ ರೂಪಿಸಲಾಯಿತು. ಆದರೆ ತ್ಯಾಜ್ಯವನ್ನು ಸರಿಯಾಗಿ ವಿಲೇವಾರಿ ಮಾಡುವುದಕ್ಕಿಂತ ಮೊದಲ ಹೆಜ್ಜೆ, ತ್ಯಾಜ್ಯವಲ್ಲದ್ದನ್ನು ತ್ಯಾಜ್ಯವೆಂದು ಕರೆಯದಿರುವುದು.

ಚಿಕ್ಕ ಲ್ಯಾಪ್‌ಟಾಪುಗಳು ಹುಟ್ಟಿದ್ದೇ ಬೇರೆ ವ್ಯವಸ್ಥೆಗಳ ಮಡಿಲಲ್ಲಿ ಎಂಬುದು ಇಂದು ಮರೆತುಹೋಗಿದೆ. ಮೊದಲ ಪ್ರಯತ್ನಗಳಲ್ಲೊಂದು ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಎನ್‌ಕೋರ್ ಎಂಬ ಕಂಪನಿಯ ಜೊತೆ ಸೇರಿ ರೂಪಿಸಿದ ಸಿಂಪ್ಯೂಟರ್ ಲ್ಯಾಪ್‌ಟಾಪ್ ಆಗಿರಲಿಲ್ಲ, ಅಂಗೈಯಲ್ಲಿ ಹಿಡಿಯುವ ಯಂತ್ರವಾಗಿತ್ತು. ಅದರ ಒಳಗಿದ್ದದ್ದು ಲಿನಕ್ಸ್. ಹಳ್ಳಿಯಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಲು ಅನುಕೂಲವಾಗುವಂತೆ ಸ್ಮಾರ್ಟ್ ಕಾರ್ಡ್ ಇಟ್ಟಿದ್ದರು. ಓದು ಬಾರದವರಿಗಾಗಿ ನಮ್ಮ ಭಾಷೆಗಳಲ್ಲಿ ಮಾತಾಡುವ ತಂತ್ರಾಂಶವನ್ನೂ ಅದಕ್ಕೆ ಸೇರಿಸಲು ಹೊರಟಿದ್ದರು. ಮಾರಾಟವಾದದ್ದು ಕೆಲವೇ ಸಾವಿರ. ಯಂತ್ರ ಸೋತಿತು, ಆದರೆ ಅದರ ಹಿಂದಿದ್ದ ಪ್ರಶ್ನೆ ಸೋಲಲಿಲ್ಲ. ಬಡವನಿಗೆ ಬೇಕಾದ ಕಂಪ್ಯೂಟರ್ ಶ್ರೀಮಂತನ ಕಂಪ್ಯೂಟರಿನ ಕತ್ತರಿಸಿದ ತುಂಡೋ, ಅಥವಾ ಅವನ ಬದುಕಿಗೆ ಅಳತೆ ತೆಗೆದು ಹೊಲಿದ ಬೇರೆಯದೇ ಅಂಗಿಯೋ ಎಂಬುದು ಆ ಪ್ರಶ್ನೆ.

ಅದೇ ಪ್ರಶ್ನೆಯನ್ನು ಅಮೆರಿಕದಿಂದ ನಿಕೋಲಸ್ ನೆಗ್ರೊಪಾಂಟೆ 2005ರಲ್ಲಿ ಎತ್ತಿದರು. ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್, ಬೆಲೆ 100 ಡಾಲರ್ ಎಂಬುದು ಅವರ ಘೋಷಣೆ. ತಯಾರಾಗಿ ಬಂದ ಹಸಿರು-ಬಿಳಿ ಯಂತ್ರದ ಪರದೆ ಬಿಸಿಲಿನಲ್ಲೂ ಓದಲು ಬರುತ್ತಿತ್ತು. ಲಿನಕ್ಸ್ ಮೇಲೆ ಮಕ್ಕಳಿಗೆಂದೇ ಕಟ್ಟಿದ ಶುಗರ್ ಎಂಬ ಮುಖಪುಟ ಅದಕ್ಕಿತ್ತು. ಬೆಲೆ ಮಾತ್ರ 200 ಡಾಲರಿನ ಹತ್ತಿರ ನಿಂತಿತು. ಉರುಗ್ವೆಯಂಥ ಚಿಕ್ಕ ದೇಶ ತನ್ನ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಅದನ್ನು ಹಂಚಿತು. ನಮ್ಮ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲಿ ಬೇಡವೆಂದಿತು. ಮೇಷ್ಟರು, ತರಗತಿ ಕೋಣೆಗಳಿಗೆ ದುಡ್ಡು ಸಾಲದಿರುವಾಗ ಯಂತ್ರ ಹಂಚುವುದು ಎಷ್ಟು ಸರಿ ಎಂಬ ಆ ಆಕ್ಷೇಪದಲ್ಲಿ ಹುರುಳಿತ್ತು ಎಂದೇ ನನಗನ್ನಿಸುತ್ತದೆ.

ಆ ಗದ್ದಲದ ನಡುವೆಯೇ 2007ರ ಅಕ್ಟೋಬರ್‌ನಲ್ಲಿ ತೈವಾನಿನ ಆಸುಸ್ ಕಂಪನಿ ಈ ಪಿಸಿ 701 ಎಂಬ ಪುಟ್ಟ ಲ್ಯಾಪ್‌ಟಾಪನ್ನು ಮಾರುಕಟ್ಟೆಗೆ ತಂದಿತು. 7 ಇಂಚಿನ ಪರದೆ, 512 ಎಂಬಿ ಮೆಮೊರಿ, 4 ಜಿಬಿ ಸಂಗ್ರಹ, ತೂಕ ಒಂದು ಕಿಲೋದೊಳಗೆ. ಒಳಗೆ ಕ್ಸಾಂಡ್ರೋಸ್ ಎಂಬ ಲಿನಕ್ಸ್. ತೆರೆದರೆ ಇಂಟರ್‌ನೆಟ್, ಕೆಲಸ, ಕಲಿಕೆ, ಆಟ ಎಂಬ ದೊಡ್ಡ ದೊಡ್ಡ ಚಿತ್ರಗಳು. ಜಗತ್ತಿನಾದ್ಯಂತ ಜನ ಮುಗಿಬಿದ್ದರು. ನೆಟ್‌ಬುಕ್ ಎಂಬ ಹೊಸ ಜಾತಿಯೇ ಹುಟ್ಟಿಕೊಂಡಿತು. ಅದೇ ವರ್ಷ ಬಂದಿದ್ದ ವಿಂಡೋಸ್ ವಿಸ್ತಾ ಎಂಥ ಭಾರದ್ದೆಂದರೆ ಈ ಪುಟ್ಟ ಯಂತ್ರಗಳಿಗೆ ಅದನ್ನು ಹೊರುವ ಶಕ್ತಿಯೇ ಇರಲಿಲ್ಲ.

ಮುಂದೆ ನಡೆದದ್ದು ಕಥೆಗಾರನಾದ ನನಗೆ ಬಹಳ ಕುತೂಹಲದ್ದಾಗಿ ಕಾಣುತ್ತದೆ. ವಿಂಡೋಸ್ ಎಕ್ಸ್‌ಪಿಯ ಮಾರಾಟವನ್ನು 2008ರ ಜೂನ್‌ಗೆ ನಿಲ್ಲಿಸುವುದಾಗಿ ಹೇಳಿದ್ದ ಮೈಕ್ರೋಸಾಫ್ಟ್, ಕಡಿಮೆ ಬೆಲೆಯ ಚಿಕ್ಕ ಕಂಪ್ಯೂಟರುಗಳಿಗೆ ಮಾತ್ರ ಅದನ್ನು ಮುಂದುವರಿಸಿತು. ಜೊತೆಗೆ ಷರತ್ತುಗಳಿದ್ದವು. ಪರದೆ ಇಷ್ಟಕ್ಕಿಂತ ದೊಡ್ಡದಿರಬಾರದು, ಮೆಮೊರಿ 1 ಜಿಬಿ ದಾಟಬಾರದು ಎಂಬಂಥವು. ತಯಾರಕರು ಒಪ್ಪಿದರು. ಹಾಗಾಗಿ ವರ್ಷಗಟ್ಟಲೆ ನೆಟ್‌ಬುಕ್ಕುಗಳೆಲ್ಲ 1 ಜಿಬಿಯಲ್ಲೇ ನಿಂತುಬಿಟ್ಟವು. ಅವು ಚಿಕ್ಕವಾಗಿ ಉಳಿದದ್ದು ತಂತ್ರಜ್ಞಾನದ ಮಿತಿಯಿಂದಲ್ಲ, ಒಪ್ಪಂದದ ಕಾಗದದಿಂದ. 2009ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 7ರಲ್ಲಿ ಇಂಥ ಯಂತ್ರಗಳಿಗೆಂದೇ ಸ್ಟಾರ್ಟರ್ ಎಂಬ ಆವೃತ್ತಿ ಇತ್ತು. ಏಕಕಾಲಕ್ಕೆ ಮೂರೇ ತಂತ್ರಾಂಶಗಳನ್ನು ತೆರೆಯಬಹುದು ಎಂಬ ನಿರ್ಬಂಧವನ್ನು ಅದರಲ್ಲಿಡುವ ಯೋಚನೆಯಿತ್ತು, ಟೀಕೆ ಬಂದ ಮೇಲೆ ಬಿಡುಗಡೆಗೆ ಮುಂಚೆ ಕೈಬಿಟ್ಟರು. ಆದರೆ ಪರದೆಯ ಹಿನ್ನೆಲೆಯ ಚಿತ್ರವನ್ನು ಬದಲಿಸಲು ಬಾರದು ಎಂಬುದನ್ನು ಹಾಗೇ ಉಳಿಸಿಕೊಂಡರು.

ಈ ಚಿತ್ರದ ಸಂಗತಿಯನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಪರದೆಯ ಮೇಲೆ ಮಗಳ ಫೋಟೋ ಇಡುವುದಕ್ಕೆ ಮೆಮೊರಿ ಎಷ್ಟು ಬೇಕು? ಏನೇನೂ ಬೇಡ. ಬರಬೇಕಾದದ್ದನ್ನು ಬಾರದಂತೆ ಮಾಡಿದ್ದು, ಇದು ಅಗ್ಗದ್ದು ಎಂದು ಕೊಂಡವನಿಗೆ ದಿನವೂ ನೆನಪಿಸುವುದಕ್ಕೆ. ಅಂಗಿ ದಾನ ಕೊಡುವಾಗ ಜೇಬು ಹೊಲಿದು ಮುಚ್ಚಿ ಕೊಟ್ಟ ಹಾಗೆ. ಇಲ್ಲಿ ಅದು ದಾನವೂ ಅಲ್ಲ, ದುಡ್ಡು ತೆತ್ತು ಕೊಂಡದ್ದು. ಬಡವರ ವಸ್ತುವಿಗೆ ಅವಮಾನದ ಒಂದು ಹೊಲಿಗೆ ಇದ್ದೇ ಇರಬೇಕು ಎಂಬ ಮನೋಭಾವ ನಮ್ಮ ಸಮಾಜಕ್ಕೆ ಹೊಸದಲ್ಲ. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ, ರೇಷನ್ ಅಂಗಡಿಯ ಮುಂದೆ ನಿಂತವರಿಗೆ ಅದು ಗೊತ್ತು. ತಂತ್ರಾಂಶದಲ್ಲೂ ಅದನ್ನು ಕಂಡಾಗ ಇದು ಎಂಜಿನಿಯರುಗಳಿಗೆ ಬಿಟ್ಟುಬಿಡುವ ವಿಷಯವಲ್ಲ ಅನ್ನಿಸಿತು.

ಇನ್ನೊಂದು ದಾರಿಯ ಕಥೆಯೂ ಅಷ್ಟೇ ಹಳೆಯದು. ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದು ಅದರ ಗುರಿ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು, ಮರುವರ್ಷ ಸ್ಟಾಲ್‌ಮನ್ ರೂಪಿಸಿದ್ದ ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಈ ಪರವಾನಗಿಯ ಷರತ್ತು ಸರಳ. ನೀವು ಇದನ್ನು ತಿದ್ದಿ ಸುಧಾರಿಸಿ ಹಂಚುವುದಾದರೆ, ಸುಧಾರಿಸಿದ್ದನ್ನೂ ಅದೇ ಸ್ವಾತಂತ್ರ್ಯದೊಂದಿಗೆ ಕೊಡಬೇಕು. ಬೇಲಿ ಹಾಕಿಕೊಳ್ಳುವಂತಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ವಕ್ಫ್. ಮದೀನದಲ್ಲಿ ನೀರಿಗೆ ದುಡ್ಡು ಕೇಳುತ್ತಿದ್ದ ಬಾವಿಯೊಂದನ್ನು ಹಜ್ರತ್ ಉಸ್ಮಾನ್ (ರ) ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಸಂಗತಿಯನ್ನು ನಮ್ಮ ಮಕ್ಕಳೂ ಬಲ್ಲರು. ವಕ್ಫ್ ಆದ ಆಸ್ತಿಯನ್ನು ಮಾರುವಂತಿಲ್ಲ, ಪಾಲು ಮಾಡಿಕೊಳ್ಳುವಂತಿಲ್ಲ. ಅದರ ಫಲ ಮಾತ್ರ ಜನರಿಗೆ ಸಲ್ಲುತ್ತಿರುತ್ತದೆ. ಹೋಲಿಕೆಯನ್ನು ಬಹಳ ಎಳೆಯುವುದು ಬೇಡ. ಸ್ಟಾಲ್‌ಮನ್ ಯಾವ ಧರ್ಮವನ್ನೂ ನಂಬದವರು, ಲಿನಕ್ಸಿಗೆ ಇಂದು ಕೆಲಸ ಮಾಡುವವರಲ್ಲಿ ದೊಡ್ಡ ಕಂಪನಿಗಳ ಸಂಬಳದವರೂ ಇದ್ದಾರೆ. ಆದರೆ ತೋಡಿದ ಬಾವಿಗೆ ಬೀಗ ಹಾಕಬಾರದು ಎಂಬ ತತ್ವ ಎರಡರಲ್ಲೂ ಒಂದೇ. 2004ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಆರಂಭಿಸಿದ ಉಬುಂಟು ಎಂಬ ಲಿನಕ್ಸಿನ ಸಿ.ಡಿ.ಗಳನ್ನು ಕೇಳಿದವರ ಮನೆಗೆ ಪುಕ್ಕಟೆ ಅಂಚೆಯಲ್ಲಿ ಕಳಿಸುವ ಪದ್ಧತಿ 2011ರವರೆಗೂ ಇತ್ತು.

ನನ್ನ ಆಪಾಳ ಮಗಳು ಉರ್ದು ಮಾಧ್ಯಮದ ಪ್ರೌಢಶಾಲೆಯಲ್ಲಿ ಓದುವವಳು. ಅವಳಿಗೆ ಬಂದದ್ದು ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್. 11 ಇಂಚಿನ ಪರದೆ, 2 ಜಿಬಿ ಮೆಮೊರಿ, 32 ಜಿಬಿ ಸಂಗ್ರಹ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಸುತ್ತುವ ಚಕ್ರ ನಿಂತಿರುತ್ತಿರಲಿಲ್ಲ. ಪರಿಷ್ಕರಣೆ ಇಳಿಸಿಕೊಳ್ಳಲು ಜಾಗವಿಲ್ಲ ಎಂದು ದಿನವೂ ಗೊಣಗುತ್ತಿತ್ತು. ರಿಪೇರಿ ಅಂಗಡಿಯಲ್ಲಿ ಕೇಳಿದರೆ, “ಇದಕ್ಕೆ ಖರ್ಚು ಮಾಡಬೇಡಿ, ಹೊಸದು ತಗೊಳ್ಳಿ” ಎಂಬ ಉತ್ತರ. ಹೊಲಿಗೆ ಹಾಕಿ ಸಂಸಾರ ನಡೆಸುವ ಆಪಾಳಿಗೆ ಅದು ಆಗದ ಮಾತು. ನಾವು ಬೇರೆ ವ್ಯವಸ್ಥೆಯ ಕಡೆಗೆ ನೋಡಿದ್ದು ಹೀಗೆ.

ಇದರಲ್ಲಿ ಹೆದರುವಂಥದ್ದೇನೂ ಇಲ್ಲ ಎಂಬುದನ್ನು ಓದುಗರಿಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಲಿನಕ್ಸ್ ಎಂಬುದು ತಿರುಳು. ಅದರ ಸುತ್ತ ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಅಳತೆಯ ವ್ಯವಸ್ಥೆಗಳನ್ನು ಕಟ್ಟಿವೆ. ಬೇಕಾದದ್ದನ್ನು ಇಳಿಸಿಕೊಂಡು, ಅದಕ್ಕೆಂದೇ ಇರುವ ಉಚಿತ ತಂತ್ರಾಂಶದಿಂದ ಒಂದು ಪೆನ್‌ಡ್ರೈವ್‌ಗೆ ಬರೆದುಕೊಳ್ಳಬೇಕು. ಲ್ಯಾಪ್‌ಟಾಪ್ ಶುರುವಾಗುವಾಗ ನಿಗದಿತ ಕೀಲಿ ಒತ್ತಿ, ಪೆನ್‌ಡ್ರೈವ್‌ನಿಂದ ಶುರುವಾಗು ಎಂದರೆ ಸಾಕು. ಒಳಗಿರುವ ಹಳೆಯದನ್ನು ಮುಟ್ಟದೆ ಹೊಸ ವ್ಯವಸ್ಥೆ ಪರದೆಯ ಮೇಲೆ ಬರುತ್ತದೆ. ವೈಫೈ ಸಿಗುತ್ತದೆಯೇ, ಸದ್ದು ಕೇಳುತ್ತದೆಯೇ, ಕೀಲಿಮಣೆ ಸರಿಯಿದೆಯೇ ಎಂದು ಒಂದು ದಿನ ಬಳಸಿ ನೋಡಬಹುದು. ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು. ಹಿಡಿಸಿದರೆ ಮುಖ್ಯ ಕಡತಗಳನ್ನೆಲ್ಲ ಬೇರೆಡೆ ಉಳಿಸಿಕೊಂಡು ಆಮೇಲೆ ಕಾಯಂ ಹಾಕಿಕೊಳ್ಳಬಹುದು. ಕಾಯಂ ಹಾಕುವಾಗ ಹಳೆಯದು ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಆಯ್ಕೆಗಳು ಹಲವು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ ಪಪ್ಪಿ ಲಿನಕ್ಸ್ ಎಷ್ಟು ಚಿಕ್ಕದೆಂದರೆ ಪೂರ್ತಿಯಾಗಿ ಮೆಮೊರಿಗೇ ಏರಿ ಕೂರುತ್ತದೆ. ಡಿಸ್ಕ್ ಸತ್ತುಹೋದ ಯಂತ್ರವನ್ನೂ ಪೆನ್‌ಡ್ರೈವ್ ಒಂದರಿಂದ ಅದು ನಡೆಸುತ್ತದೆ. ತೀರಾ ಹಳೆಯ ಯಂತ್ರಗಳಿಗೆ ಆಂಟಿಎಕ್ಸ್ ಇದೆ. 2 ಜಿಬಿ ಮೆಮೊರಿ ಇದ್ದರೆ ಉಬುಂಟುವಿನ ಹಗುರ ರೂಪವಾದ ಲುಬುಂಟು, 4 ಜಿಬಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ನೆಮ್ಮದಿಯಾಗಿ ನಡೆಯುತ್ತವೆ. ಗೂಗಲ್ 2022ರಲ್ಲಿ ಹೊರತಂದ ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ಹಳೆಯ ಯಂತ್ರಗಳಿಗೆಂದೇ ಮಾಡಿದ್ದು. ಆದರೆ ಅದರಲ್ಲಿ ಹೆಚ್ಚಿನ ಕೆಲಸಕ್ಕೆ ಇಂಟರ್‌ನೆಟ್ ಬೇಕು, ಗೂಗಲ್ ಖಾತೆ ಬೇಕು. ಒಬ್ಬ ಜಮೀನ್ದಾರನ ಒಕ್ಕಲುತನ ಬಿಟ್ಟು ಇನ್ನೊಬ್ಬನ ಒಕ್ಕಲಾದಂತೆ ಎಂಬುದು ನನ್ನ ಅಭಿಪ್ರಾಯ. ನಾವು ಲುಬುಂಟು ಆರಿಸಿಕೊಂಡೆವು. ಚಹಾ ಕುಡಿದು ಬರುವ ಪುರಸೊತ್ತು ಈಗ ಸಿಗುವುದಿಲ್ಲ.

ವೇಗಕ್ಕಿಂತ ದೊಡ್ಡ ಪ್ರಶ್ನೆಯನ್ನು ಕೇಳಿದವಳು ಆ ಹುಡುಗಿಯೇ. “ಮಾಮು, ಇಸ್ಮೇ ಉರ್ದು ಲಿಖ್ನೇ ಆತಾ ಕ್ಯಾ?” ಇದರಲ್ಲಿ ಉರ್ದು ಬರೆಯಲು ಬರುತ್ತದೆಯೇ ಎಂದು. ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿ, ಆಮೇಲೆ ಕನ್ನಡದಲ್ಲಿ ಓದಿ ಕನ್ನಡದಲ್ಲಿ ಕಥೆ ಬರೆಯಲು ಹೊರಟವನಿಗೆ ಈ ಪ್ರಶ್ನೆ ತೀರಾ ಹತ್ತಿರದ್ದು. ನಮ್ಮ ಕಾಲದಲ್ಲಿ ಕನ್ನಡ ಬರೆಯಲು ಶೇಷಾದ್ರಿವಾಸು ಅವರ ಬರಹ ಇತ್ತು, ಕನ್ನಡ ಗಣಕ ಪರಿಷತ್ತಿನ ನುಡಿ ಇತ್ತು. ಎರಡೂ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅವು ವಿಂಡೋಸಿಗೆಂದು ಮಾಡಿದವು. ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ನನ್ನ ಕಥೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಉರ್ದುವಿನದೂ ಇದೇ ಪಾಡು. ಖಾತಿಬರ ಕೈಬರಹವಾಗಿದ್ದ ನಸ್ತಾಲೀಖನ್ನು ಮಿರ್ಝಾ ಅಹ್ಮದ್ ಜಮೀಲ್ 1981ರಲ್ಲಿ ಸಾವಿರಾರು ಕೂಡುರೂಪಗಳನ್ನು ಬರೆದುಕೊಟ್ಟು ಯಂತ್ರಕ್ಕೆ ಇಳಿಸಿದರು. ಅದನ್ನು ಮನೆಮನೆಯ ಕಂಪ್ಯೂಟರಿಗೆ ತಂದದ್ದು 1994ರ ಇನ್‌ಪೇಜ್. ಆದರೆ ಇನ್‌ಪೇಜಿನ ಕಡತ ಇನ್‌ಪೇಜಿನಲ್ಲೇ ತೆರೆಯಬೇಕು, ಅದೂ ವಿಂಡೋಸಿನದೇ. ಹೀಗೆ ನನ್ನ ಎರಡು ಭಾಷೆಗಳೂ ಒಂದೇ ಮನೆಯ ಎರಡು ಬೀಗ ಹಾಕಿದ ಪೆಟ್ಟಿಗೆಗಳಲ್ಲಿದ್ದವು. ಒಂದೇ ಹಾಳೆಯ ಮೇಲೆ ಅವು ಭೇಟಿಯಾಗುತ್ತಿರಲಿಲ್ಲ.

ಆ ಬೀಗ ತೆಗೆದದ್ದು ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಈ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಇಂದಿನ ಲಿನಕ್ಸಿನಲ್ಲಿ ಕನ್ನಡಕ್ಕೆ ಲೋಹಿತ್, ಗುಬ್ಬಿ, ನವಿಲು ಫಾಂಟುಗಳಿವೆ, ಉರ್ದುವಿಗೆ ನೋಟೋ ನಸ್ತಾಲೀಖ್ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿಯಾಧಾರಿತ ಕೀಲಿ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ವ್ಯವಸ್ಥೆಯಲ್ಲೇ ಸೇರಿದೆ. ಉರ್ದುವಿನ ಧ್ವನಿಯಾಧಾರಿತ ವಿನ್ಯಾಸವೂ ಇದೆ. ಇದರಲ್ಲಿರುವ ಒಂದು ಸೊಗಸನ್ನು ಹೇಳಲೇಬೇಕು. ಕೀಲಿಮಣೆಯಲ್ಲಿ ಕೆ ಅಕ್ಷರ ಒತ್ತಿದರೆ ಕನ್ನಡದಲ್ಲಿ ಕ, ಭಾಷೆ ಬದಲಿಸಿ ಅದನ್ನೇ ಒತ್ತಿದರೆ ಉರ್ದುವಿನ ಕಾಫ್. ಬಿ ಒತ್ತಿದರೆ ಬ, ಇಲ್ಲವೇ ಬೇ. ಎಂ ಒತ್ತಿದರೆ ಮ, ಇಲ್ಲವೇ ಮೀಮ್. ಒಂದೇ ಬೆರಳು, ಒಂದೇ ಕೀಲಿ. ಅಕ್ಷರಗಳು ಮಾತ್ರ ಒಮ್ಮೆ ಎಡದಿಂದ ಬಲಕ್ಕೆ ನಡೆಯುತ್ತವೆ, ಒಮ್ಮೆ ಬಲದಿಂದ ಎಡಕ್ಕೆ. ಹುಡುಗಿ ಒಂದೇ ಸಾಲಿನಲ್ಲಿ ಎರಡನ್ನೂ ಬರೆದು, ಕರ್ಸರ್ ಎತ್ತ ಹೋಗಲೆಂದು ತಡವರಿಸುವುದನ್ನು ನೋಡಿ ಗಂಟೆಗಟ್ಟಲೆ ಆಡಿದಳು. ಆಫೀಸ್ ತಂತ್ರಾಂಶದ ಪಟ್ಟಿಗಳನ್ನು ಕನ್ನಡಕ್ಕೆ ಬದಲಿಸಿ, ಫೈಲಿಗೆ ಕಡತ ಎಂದಿರುವುದನ್ನು ಕಂಡು ನಕ್ಕಳು. ಆಮೇಲೆ ಅದಕ್ಕೇ ಒಗ್ಗಿಕೊಂಡಳು. ಈ ಅನುವಾದಗಳಲ್ಲಿ ಬಹಳಷ್ಟು ಹೆಸರು ಬೇಡದ ಕನ್ನಡದ ಹುಡುಗ ಹುಡುಗಿಯರು ಬಿಡುವಿನಲ್ಲಿ ಮಾಡಿದ ಕೆಲಸ.

ಆಪಾಳ ಆತಂಕ ಬೇರೆಯೇ ಇತ್ತು. “ನಾಳೆ ಕೆಲಸಕ್ಕೆ ಹೋದಲ್ಲಿ ವಿಂಡೋಸ್ ಬರುತ್ತಾ ಅಂತ ಕೇಳಿದರೆ ಏನು ಮಾಡ್ತಾಳೆ?” ಎಂದಳು. ಇದು ತಳ್ಳಿಹಾಕುವ ಮಾತಲ್ಲ. ಡಿಟಿಪಿ ಅಂಗಡಿಗಳು ಇಂದಿಗೂ ನುಡಿ ಕಡತ ಕೇಳುತ್ತವೆ, ಕಂಪ್ಯೂಟರ್ ಸೆಂಟರುಗಳ ಸರ್ಟಿಫಿಕೇಟುಗಳೆಲ್ಲ ಒಂದೇ ಕಂಪನಿಯ ತಂತ್ರಾಂಶದ ಸುತ್ತ ಇವೆ. ಆದರೆ ಇದಕ್ಕೆ ಒಂದು ರಾಜ್ಯವೇ ಉತ್ತರ ಕೊಟ್ಟಿದೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭಿಸಿ, ಆ ದಶಕದ ಕೊನೆಯ ಹೊತ್ತಿಗೆ ಪ್ರೌಢಶಾಲೆಗಳ ಐಟಿ ಪಾಠವನ್ನು ಸ್ವತಂತ್ರ ತಂತ್ರಾಂಶಕ್ಕೇ ತಂದುಬಿಟ್ಟಿತು. 2019ರಲ್ಲಿ ಅಲ್ಲಿನ ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ಹೊಸ ಆವೃತ್ತಿ ಸಿದ್ಧವಾದಾಗ ಸುಮಾರು 3000 ಕೋಟಿ ರೂಪಾಯಿ ಉಳಿತಾಯವಾಯಿತೆಂದು ಯೋಜನೆಯವರು ಲೆಕ್ಕ ಕೊಟ್ಟರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದನ್ನೇ ಕಲಿಯುತ್ತ ಬಂದಿದ್ದಾರೆ, ಅದೂ ಕನ್ನಡದ ಪಠ್ಯಪುಸ್ತಕದಲ್ಲಿ. ತಲಪಾಡಿಯ ಗಡಿಯಿಂದ ಈಚೆಗೆ ಅದೇ ಭಾಷೆಯ ಮಗುವಿಗೆ ಲಿನಕ್ಸ್ ಎಂಬ ಪದವೇ ಹೊಸದು. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ ಹೆಸರಿನಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಬಳಸಿ ತರಬೇತಿ ನಡೆದದ್ದುಂಟು. ಆದರೆ ಕೇರಳದಂತೆ ಅದು ಪ್ರತಿ ತರಗತಿಯ ಬಾಗಿಲಿಗೆ ಬರಲಿಲ್ಲ. ಆಪಾಳಿಗೆ ನಾನು ಹೇಳಿದ್ದಿಷ್ಟೇ: ಸೈಕಲ್ ಕಲಿತವನಿಗೆ ಇನ್ನೊಂದು ಕಂಪನಿಯ ಸೈಕಲ್ ಕಷ್ಟವಾಗುವುದಿಲ್ಲ. ಕಲಿಯುವುದಕ್ಕೆ ಮೊದಲು ಮನೆಯಲ್ಲಿ ಓಡುವ ಸೈಕಲ್ ಒಂದು ಇರಬೇಕು.

ಎಲ್ಲವೂ ಸಲೀಸು ಎಂದು ಹೇಳಿದರೆ ಅಪ್ರಾಮಾಣಿಕನಾಗುತ್ತೇನೆ. ಕೆಲವು ವೈಫೈ ಚಿಪ್ಪುಗಳು ಲಿನಕ್ಸಿನಲ್ಲಿ ಹಟ ಮಾಡುತ್ತವೆ. ಸರಕಾರಿ ಕಚೇರಿಗಳ ಕೆಲವು ಕೆಲಸಗಳಿಗೆ ಬೇಕಾದ ಡಿಜಿಟಲ್ ಸಹಿಯ ಸಾಧನಗಳನ್ನು ವಿಂಡೋಸನ್ನೇ ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ವ್ಯವಸ್ಥೆ ಎಷ್ಟೇ ಹಗುರವಾದರೂ ಇಂದಿನ ವೆಬ್ ಪುಟಗಳು ಹಗುರವಿಲ್ಲ, ಹತ್ತು ಪುಟ ಒಟ್ಟಿಗೆ ತೆರೆದರೆ 2 ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ತೀರಾ ಹಳೆಯ ನೆಟ್‌ಬುಕ್ಕುಗಳ ಕಥೆ ಇನ್ನೂ ಕಷ್ಟದ್ದು. 2008ರ ಅನೇಕ ನೆಟ್‌ಬುಕ್ಕುಗಳಲ್ಲಿದ್ದ ಇಂಟೆಲ್ ಆಟಮ್ ಎನ್270 ಪ್ರೊಸೆಸರ್ 32 ಬಿಟ್‌ನದು. ಉಬುಂಟು 2019ರಲ್ಲೇ 32 ಬಿಟ್ ಯಂತ್ರಗಳನ್ನು ಕೈಬಿಟ್ಟಿತು. ಎಲ್ಲರನ್ನೂ ಒಳಗೊಳ್ಳುವುದಕ್ಕೆ ಹೆಸರಾದ ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಲ್ಲಿ ಅಂಥ ಯಂತ್ರಗಳಿಗೆ ಹೊಸದಾಗಿ ಹಾಕಿಕೊಳ್ಳುವ ದಾರಿಯನ್ನು ಮುಚ್ಚಿತು. ಬಾವಿ ಎಲ್ಲರದೇ ಆದರೂ ಹಗ್ಗ ಸೇದಲು ಕೈಗಳು ಬೇಕಲ್ಲ! ಆದರೂ ಒಂದು ವ್ಯತ್ಯಾಸವಿದೆ. ಇಲ್ಲಿ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ. ಪಪ್ಪಿ, ಆಂಟಿಎಕ್ಸ್‌ನಂಥ ಗುಂಪುಗಳು ಹಳೆಯ ಯಂತ್ರಗಳನ್ನು ಇಷ್ಟು ವರ್ಷ ನಡೆಸಿಕೊಂಡು ಬಂದದ್ದು ಹಾಗೆಯೇ.

ಕೊನೆಗೆ ನಮ್ಮ ಅಂಜುಮನ್‌ಗಳಿಗೆ, ಜಮಾಅತ್ ಸಮಿತಿಗಳಿಗೆ ಒಂದು ಮಾತು. ವಿಧವೆಯರಿಗೆ ಹೊಲಿಗೆ ಯಂತ್ರ, ಮಕ್ಕಳಿಗೆ ಪುಸ್ತಕ, ಬ್ಯಾಗು ಹಂಚುವ ಒಳ್ಳೆಯ ಕೆಲಸ ಎಲ್ಲ ಊರುಗಳಲ್ಲೂ ನಡೆದಿದೆ. 2020ರ ಲಾಕ್‌ಡೌನಿನಲ್ಲಿ ಪಾಠಗಳು ಪರದೆಗೆ ಬಂದಾಗ ಮೂರು ಮಕ್ಕಳ ಮನೆಯಲ್ಲಿ ಒಂದು ಫೋನಿಗಾಗಿ ನಡೆದ ಜಗಳವನ್ನು ನಾವು ಕಂಡಿದ್ದೇವೆ. ಮೊದಲು ಓದು ಬಿಟ್ಟವರು ಹೆಣ್ಣುಮಕ್ಕಳು ಎಂಬುದನ್ನೂ ಕಂಡಿದ್ದೇವೆ. ಕಚೇರಿಗಳು, ಕಾಲೇಜುಗಳು, ಬೆಂಗಳೂರಿನಲ್ಲಿ ದುಡಿಯುವ ನಮ್ಮ ಹುಡುಗರು ಬಿಟ್ಟುಕೊಡುವ ಹಳೆಯ ಲ್ಯಾಪ್‌ಟಾಪುಗಳನ್ನು ಸಮಿತಿಗಳು ಕೇಳಿ ಪಡೆಯಲಿ. ಅವುಗಳಿಗೆ ಹಗುರ ವ್ಯವಸ್ಥೆ, ಕನ್ನಡ, ಉರ್ದು ಮೂರನ್ನೂ ಹಾಕಿ ಕೊಡಲಿ. ಆದರೆ ಬರಿಯ ಯಂತ್ರ ಹಂಚಿ ಫೋಟೋ ತೆಗೆಸಿಕೊಂಡರೆ ನೂರು ಡಾಲರಿನ ಲ್ಯಾಪ್‌ಟಾಪಿಗೆ ಆದ ಗತಿಯೇ ಇದಕ್ಕೂ ಆದೀತು. ಮೊಹಲ್ಲಾಕ್ಕೆ ಇಬ್ಬರು ಹುಡುಗಿಯರಿಗೆ ಪೆನ್‌ಡ್ರೈವ್ ಹಿಡಿದು ವ್ಯವಸ್ಥೆ ಹಾಕುವುದನ್ನು, ಕೆಟ್ಟರೆ ಸರಿಪಡಿಸುವುದನ್ನು ಕಲಿಸಬೇಕು. ಅದಕ್ಕೆ ಪದವಿ ಬೇಡ, ಹೈಸ್ಕೂಲು ಓದಿದ್ದರೆ ಸಾಕು. ಮುಂದಿನ ರಮಝಾನಿನಲ್ಲಿ ಝಕಾತಿನ ಲೆಕ್ಕ ಹಾಕಲು ಕೂರುವಾಗ ಈ ಎರಡು ಹೆಸರುಗಳನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ. ಯಂತ್ರ ಯಾರದೆಂದು ಕೇಳಿದರೆ ಬಿಲ್ಲು ತೋರಿಸುವವರು ಬಹಳ ಜನ ಸಿಗುತ್ತಾರೆ. ಅದನ್ನು ಬಿಚ್ಚಿ, ತಿದ್ದಿ, ತನ್ನ ಭಾಷೆಯಲ್ಲಿ ನಡೆಸಬಲ್ಲ ಹುಡುಗಿಯೊಬ್ಬಳು ಮೊಹಲ್ಲಾದಲ್ಲಿದ್ದರೆ ಅದು ನಿಜವಾಗಿ ನಮ್ಮದು.